ಮೂಳೆಗೇ ಜೋಡಿಸುವ ಕೃತಕ ಕಾಲು: ವಿಡಿಯೋ ನೋಡಿದ ಮೇಲೆ ಮಾಡಬೇಕಾದ ಕೆಲಸಗಳು

"ಮೇಡಂ, ಮೂಳೆಯೊಳಗೇ ಕಾಲು ಕೂರಿಸ್ತಾರಂತೆ. ಮನಸ್ಸಲ್ಲಿ ಅಂದುಕೊಂಡರೆ ಸಾಕು, ಮಂಡಿ ಮಡಚುತ್ತಂತೆ. ನಮ್ಮಣ್ಣನಿಗೆ ಹಾಕಿಸಬಹುದಾ? ಎಷ್ಟಾಗುತ್ತೆ?"

ಮುಂಬೈಯಲ್ಲಿ ಫಿಸಿಯೋಥೆರಪಿ ಮಾಡುತ್ತಿರುವ ನನಗೆ ಈ ಪ್ರಶ್ನೆ ಈಗ ವಾರಕ್ಕೆರಡು ಸಲವಾದರೂ ಬರುತ್ತದೆ. ಮಾಟುಂಗದ ಹೋಟೆಲಿನವರು ಕೇಳುತ್ತಾರೆ, ಡೊಂಬಿವಲಿಯಿಂದ ಫೋನ್ ಬರುತ್ತದೆ. ಪುಣೆಯಲ್ಲಿ, ಗೋವಾದ ವಾಸ್ಕೋದಲ್ಲಿ ಇರುವ ವಿಜಯಪುರ, ಬಾಗಲಕೋಟೆ ಕಡೆಯವರೂ ಕೇಳುತ್ತಾರೆ. ಎಲ್ಲರ ಕೈಯಲ್ಲೂ ಒಂದು ವಿಡಿಯೋ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದರೆ ಅರ್ಧ ಹೇಳಿ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ವಿಡಿಯೋದಲ್ಲಿ ಇರುವುದು ಒಂದಲ್ಲ, ಮೂರು ಕೆಲಸ

ಗೊಂದಲ ಶುರುವಾಗುವುದೇ ಇಲ್ಲಿಂದ. ಮೂರು ಬೇರೆ ಬೇರೆ ಕೆಲಸಗಳು ಒಂದೇ ವಿಡಿಯೋದಲ್ಲಿ ಒಟ್ಟಿಗೆ ಕಾಣುತ್ತವೆ.

ಮೊದಲನೆಯದು, ಕಾಲನ್ನು ಮೂಳೆಗೆ ಜೋಡಿಸುವುದು. ಇದಕ್ಕೆ ಆಸಿಯೋಇಂಟಿಗ್ರೇಷನ್ ಅನ್ನುತ್ತಾರೆ, ಅಂದರೆ ಮೂಳೆ ಲೋಹವನ್ನು ತನ್ನದೇ ಭಾಗದಂತೆ ಹಿಡಿದುಕೊಳ್ಳುವುದು. ಟೈಟಾನಿಯಂ ಜೊತೆ ಮೂಳೆ ಹೀಗೆ ಬೆಸೆದುಕೊಳ್ಳುತ್ತದೆ ಎಂದು 1950ರ ದಶಕದಲ್ಲಿ ಕಂಡುಕೊಂಡವರು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್. 1965ರಲ್ಲಿ ಅದು ಹಲ್ಲಿನ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಲೋಹದ ಭಾಗ, ಆಯಿತು. ನಿಮ್ಮ ಪಕ್ಕದ ಬೀದಿಯ ದಂತವೈದ್ಯರು ಇವತ್ತು ಕೂರಿಸುವುದು ಅದನ್ನೇ. 1990ರಲ್ಲಿ ಸ್ವೀಡನ್ನಿನಲ್ಲೇ ಅದೇ ವಿದ್ಯೆ ತೊಡೆಮೂಳೆಗೆ ಬಂತು. ಅದನ್ನು ಮುಂದೆ ಬೆಳೆಸಿದವರು ಅವರ ಮಗ ರಿಕಾರ್ಡ್ ಬ್ರೋನೆಮಾರ್ಕ್. ಅವರ ಓಪ್ರಾ ಎಂಬ ಇಂಪ್ಲಾಂಟಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಪೂರ್ಣ ಒಪ್ಪಿಗೆ ಕೊಟ್ಟಿತು. ಅಂದರೆ ಈ ಮೊದಲ ಕೆಲಸ ಪ್ರಯೋಗಶಾಲೆ ದಾಟಿ ಆಸ್ಪತ್ರೆಗೆ ಬಂದಾಗಿದೆ.

ಎರಡನೆಯದು, ನಮ್ಮ ಇಚ್ಛೆಯಂತೆ ಕಾಲು ಆಡಿಸುವುದು. ಒಂದು ನಿಮಿಷ ಕೂತಲ್ಲೇ ಪಾದವನ್ನು ಮೇಲಕ್ಕೆತ್ತಿ. ಮುಂಗಾಲಿನ ಸ್ನಾಯು ಬಿಗಿಯಾಯಿತು, ಹಿಂದಿನ ಮೀನಖಂಡ ಎಳೆದುಕೊಂಡಿತು ಅಲ್ವಾ? ಸ್ನಾಯುಗಳು ಹೀಗೆ ಜೋಡಿಯಾಗಿ ಕೆಲಸ ಮಾಡುತ್ತವೆ. ಒಂದು ಕುಗ್ಗಿದರೆ ಇನ್ನೊಂದು ಹಿಗ್ಗುತ್ತದೆ. ಪಾದ ಎಲ್ಲಿದೆ ಎಂದು ಕಣ್ಣು ಮುಚ್ಚಿದರೂ ಮಿದುಳಿಗೆ ಗೊತ್ತಾಗುವುದು ಆ ಎಳೆತದಿಂದ. ಮಾಮೂಲಿ ಆಪರೇಷನ್ನಿನಲ್ಲಿ ಕಾಲು ತೆಗೆದಾಗ ಈ ಜೋಡಿ ಮುರಿದುಹೋಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹ್ಯೂ ಹರ್ ತಂಡ ಮತ್ತು ಬಾಸ್ಟನ್ನಿನ ಸರ್ಜನ್‌ಗಳು ಈ ಎರಡು ಸ್ನಾಯುಗಳ ತುದಿಗಳನ್ನು ಮತ್ತೆ ಒಂದಕ್ಕೊಂದು ಹೊಲಿಯುವ ವಿಧಾನ ತಂದರು. ಅದರ ಹೆಸರು ಎಎಂಐ. ಮೊದಲ ಆಪರೇಷನ್ ಆದದ್ದು 2016ರಲ್ಲಿ. 2024ರಲ್ಲಿ ಬಂದ ವರದಿ ಪ್ರಕಾರ, ಮಂಡಿಯ ಕೆಳಗೆ ಕಾಲು ಹೋಗಿ ಹೀಗೆ ಹೊಲಿಸಿಕೊಂಡ 7 ಜನರ ಗರಿಷ್ಠ ನಡಿಗೆ ವೇಗ, ಮಾಮೂಲಿ ಆಪರೇಷನ್ ಆದ 7 ಜನರಿಗಿಂತ 41% ಜಾಸ್ತಿ ಇತ್ತು. ಎರಡೂ ಗುಂಪಿಗೆ ಕೊಟ್ಟದ್ದು ಒಂದೇ ಥರದ ಯಂತ್ರದ ಕಾಲು. ವ್ಯತ್ಯಾಸ ಬಂದದ್ದು ಒಳಗಿನ ಹೊಲಿಗೆಯಿಂದ.

ಮೂರನೆಯದು, ಸ್ಪರ್ಶ. 2019ರಲ್ಲಿ ಜ್ಯೂರಿಕ್‌ನ ಸ್ಟಾನಿಶಾ ರಸ್ಪೊಪೊವಿಚ್ ತಂಡ ತೊಡೆಯ ನರದೊಳಗೆ ಕೂದಲೆಳೆಯಂಥ ತಂತಿ ಇಟ್ಟು, ಕೃತಕ ಪಾದದ ಸೆನ್ಸರ್‌ಗಳಿಗೆ ಜೋಡಿಸಿತು. ಹೆಜ್ಜೆ ಊರಿದರೆ ಇಲ್ಲದ ಪಾದದಲ್ಲಿ ಒತ್ತಿದಂತೆ ಅನಿಸಿತು. ನಡೆಯುವಾಗಿನ ಆಯಾಸ ಕಡಿಮೆಯಾಯಿತು. ಫ್ಯಾಂಟಮ್ ನೋವು, ಅಂದರೆ ಇಲ್ಲದ ಕಾಲಿನ ನೋವು, ಅದೂ ತಗ್ಗಿತು. ಆದರೆ ಇದು ಇಬ್ಬರ ಮೇಲೆ ನಡೆದ ಅಧ್ಯಯನ.

ನಿಮ್ಮ ಫೋನಿನಲ್ಲಿರುವ ವಿಡಿಯೋದಲ್ಲಿ ಮಂಡಿಯ ಮೇಲಿನಿಂದಲೇ ಕಾಲು ಕಳೆದುಕೊಂಡವರು ಚೆಂಡು ಒದೆಯುತ್ತಾ, ಮೆಟ್ಟಿಲು ಹತ್ತುತ್ತಾ ಇದ್ದರೆ ಅದು ಬಹುಶಃ 2025ರ ಎಂಐಟಿ ಕೆಲಸ. ಮೂಳೆಯ ಟೈಟಾನಿಯಂ ಕಂಬಿಯ ಒಳಗಿನಿಂದಲೇ 16 ತಂತಿಗಳು ಹೊರಬಂದು, ಸ್ನಾಯುವಿನ ಸಂಕೇತವನ್ನು ಯಂತ್ರದ ಮಂಡಿಗೆ ಒಯ್ಯುತ್ತವೆ. ಆ ಪೂರ್ತಿ ವ್ಯವಸ್ಥೆ ಹಾಕಿಸಿಕೊಂಡದ್ದು ಇಬ್ಬರು.

ಹಾಗಾಗಿ ಯಾರಾದರೂ "ಮೂರೂ ಸೇರಿಸಿ ಮುಂದಿನ ತಿಂಗಳೇ ಹಾಕಿಕೊಡ್ತೀವಿ, ಅಡ್ವಾನ್ಸ್ ಕೊಡಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ನೀವು ಈಗ ಗಂಭೀರವಾಗಿ ಯೋಚಿಸಬಹುದಾದದ್ದು ಮೊದಲನೆಯದನ್ನು. ಎರಡನೆಯದಕ್ಕೆ ದಾರಿ ಮಾಡಿಟ್ಟುಕೊಳ್ಳಬಹುದು. ಕೆಳಗಿನ ಹಂತಗಳು ಅದಕ್ಕೇ ಇವೆ.

ಕಾಲು ತೆಗೆಯುವ ಆಪರೇಷನ್ ಇನ್ನೂ ಆಗಿಲ್ಲವೇ? ಮೊದಲು ಇದನ್ನು ಓದಿ

ಅಪಘಾತದಲ್ಲಿ ಯೋಚಿಸಲು ಸಮಯವೇ ಇರುವುದಿಲ್ಲ, ಗೊತ್ತು. ಆದರೆ ಗಡ್ಡೆ, ವಾಸಿಯಾಗದ ಮೂಳೆ ಸೋಂಕು, ಹಳೆಯ ಗಾಯ ಇಂಥವುಗಳಲ್ಲಿ ಎಷ್ಟೋ ಸಲ ಕೆಲವು ದಿನ ಸಿಗುತ್ತವೆ. ಆ ದಿನಗಳಲ್ಲಿ ಸರ್ಜನ್ ಹತ್ತಿರ ಮೂರು ಮಾತು ಕೇಳಿ.

ಮೂಳೆಯನ್ನು ಎಷ್ಟು ಉದ್ದ ಉಳಿಸಬಹುದು? ಕತ್ತರಿಸಿದ ನರಗಳನ್ನು ಹತ್ತಿರದ ಸ್ನಾಯುವಿನ ನರಕ್ಕೆ ಜೋಡಿಸಬಹುದಾ? ಇದಕ್ಕೆ ಟಿಎಂಆರ್ ಅನ್ನುತ್ತಾರೆ. ನರದ ತುದಿ ಗಂಟುಕಟ್ಟಿ ನೋವು ಕೊಡುವುದನ್ನು ಇದು ಕಡಿಮೆ ಮಾಡುತ್ತದೆ. ಪ್ಲಾಸ್ಟಿಕ್ ಸರ್ಜನ್ ಜೊತೆಗಿದ್ದರೆ ಅದೇ ಆಪರೇಷನ್ನಿನಲ್ಲಿ ಮಾಡಬಹುದು. ಮೂರನೆಯ ಪ್ರಶ್ನೆ, ಮೇಲೆ ಹೇಳಿದ ಎಎಂಐ ಥರ ಸ್ನಾಯುಗಳನ್ನು ಎದುರುಬದುರು ಜೋಡಿಸಿ ಹೊಲಿಯಲು ಆಗುತ್ತದಾ?

"ಆಗಲ್ಲ" ಎಂಬ ಉತ್ತರ ಬರಬಹುದು. ಸೋಂಕು ಇದ್ದರೆ, ರಕ್ತ ಓಡಾಟ ಸರಿಯಿಲ್ಲದಿದ್ದರೆ ಜೀವ ಉಳಿಸುವುದೇ ಮೊದಲು. ಆದರೂ ಕೇಳಿ. ಕಾಲು ಹೋಗಿ ಎರಡು ವರ್ಷ ಆದಮೇಲೆ "ಇದನ್ನ ಆಗ ಯಾರೂ ಹೇಳಲೇ ಇಲ್ಲ" ಎಂದು ಅತ್ತವರನ್ನು ನಾನು ನೋಡಿದ್ದೇನೆ. ಈ ಲೇಖನ ಬರೆಯಲು ದೊಡ್ಡ ಕಾರಣ ಅವರೇ.

ಕೈಯಲ್ಲಿ ಇರಬೇಕಾದ ಕಾಗದಗಳು

ಡಿಸ್ಚಾರ್ಜ್ ಕಾರ್ಡ್, ಆಪರೇಷನ್ ನೋಟ್ಸ್, ಉಳಿದ ಕಾಲಿನ (ಕತ್ತರಿಸಿದ ಮೇಲೆ ಉಳಿದ ಮೋಟು ಭಾಗದ) ಇತ್ತೀಚಿನ ಎಕ್ಸ್‌ರೇ, ಶುಗರ್ ಇದ್ದರೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆ ಸರಾಸರಿ) ವರದಿ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ. ಡಿಸ್ಚಾರ್ಜ್ ಕಾರ್ಡ್ ಎಲ್ಲರ ಬಳಿ ಇರುತ್ತದೆ. ಆಪರೇಷನ್ ನೋಟ್ಸ್ ಯಾರೂ ಕೇಳಿ ಪಡೆದಿರುವುದಿಲ್ಲ. ಯಾವ ನರವನ್ನು, ಯಾವ ಸ್ನಾಯುವನ್ನು ಏನು ಮಾಡಿದರು ಎಂದು ಬರೆದಿರುವುದು ಅದರಲ್ಲಿ ಮಾತ್ರ. ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಟ್ಟು ಪ್ರತಿ ಪಡೆಯಿರಿ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಲ್ಲದಿದ್ದರೆ ಈಗಲೇ ಆನ್‌ಲೈನ್ ಅರ್ಜಿ ಹಾಕಿ. ಲೋಕಲ್ ಟ್ರೈನಿನ ಅಪಘಾತವಾಗಿದ್ದರೆ ಟಿಕೆಟ್ ಅಥವಾ ಪಾಸ್, ರೈಲ್ವೆ ಪೊಲೀಸರ ಕಾಗದ ಎಲ್ಲ ಜೋಪಾನ ಮಾಡಿ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಪರಿಹಾರದ ಅರ್ಜಿ ಹಾಕಲು ಒಂದು ವರ್ಷದ ಗಡುವಿದೆ. ಆಸ್ಪತ್ರೆ ಓಡಾಟದಲ್ಲಿ ಆ ವರ್ಷ ಹೇಗೆ ಕಳೆಯಿತು ಅಂತಲೇ ತಿಳಿಯುವುದಿಲ್ಲ.

ಹಂತ 1: ಈಗಿನ ಸಾಕೆಟ್ ಸರಿ ಮಾಡಿಸಿ ನೋಡಿ

ಸಾಕೆಟ್ ಅಂದರೆ ಉಳಿದ ಕಾಲನ್ನು ಒಳಗಿಡುವ ಬಟ್ಟಲು. ಮೂಳೆಗೆ ಕಾಲು ಜೋಡಿಸುವುದು ಮುಖ್ಯವಾಗಿ ಸಾಕೆಟ್ ಒಗ್ಗದವರಿಗೆ. ನಿಮಗೆ ಒಗ್ಗದಿರುವುದು ಸಾಕೆಟ್ ಎಂಬ ವಸ್ತುವೇ, ಅಥವಾ ನಿಮಗೆ ಮಾಡಿಕೊಟ್ಟ ಆ ಒಂದು ಸಾಕೆಟ್ಟೇ? ಇದನ್ನು ಮೊದಲು ತೀರ್ಮಾನಿಸಬೇಕು.

ನನ್ನ ಬಳಿ ಬರುವ ಒಬ್ಬ ಹೋಟೆಲ್ ಕ್ಯಾಷಿಯರ್ ಜುಲೈ ತಿಂಗಳಲ್ಲಿ ಲೋಕಲ್ ಇಳಿದು ಬಂದು ಲೈನರ್ ಬಿಚ್ಚಿದರು. ಲೈನರ್ ಅಂದರೆ ಸಾಕೆಟ್ಟಿನೊಳಗೆ ಹಾಕುವ ಸಿಲಿಕೋನ್ ಕಾಲುಚೀಲ. ಬೋರಲು ಹಾಕಿದರೆ ಬೆವರು ಹನಿಯಲ್ಲ, ಧಾರೆಯಾಗಿ ಸುರಿಯಿತು. ತೊಡೆಯ ಒಳಬದಿಯ ಚರ್ಮ ನೀರಲ್ಲಿ ನೆನೆದ ಬೆರಳಿನಂತೆ ಬೆಳ್ಳಗೆ ಸುಕ್ಕಾಗಿತ್ತು, ಅಂಚಿನಲ್ಲಿ ರಕ್ತ ಜಿನುಗುತ್ತಿತ್ತು. ಅವರ ಉಳಿದ ಕಾಲು ಮೂರು ವರ್ಷದಲ್ಲಿ ಸಣ್ಣಗಾಗಿತ್ತು. ಸಾಕೆಟ್ ಮಾತ್ರ ಮೊದಲ ದಿನದ್ದೇ. ಹೊಸ ಅಳತೆಯ ಸಾಕೆಟ್, ಎರಡು ಲೈನರ್, ಮಧ್ಯಾಹ್ನ ಒಮ್ಮೆ ಬಿಚ್ಚಿ ಒರೆಸಿ ಬದಲಿಸುವ ಅಭ್ಯಾಸ. ಇಷ್ಟರಿಂದಲೇ ಅವರ ಗಾಯ ಮಾಯಿತು.

ಮುಂಬೈಯಲ್ಲಿ ಹಾಜಿ ಅಲಿ ಹತ್ತಿರ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಇದೆ. ರಿಕ್ಷಾ, ಟ್ಯಾಕ್ಸಿಯವರಿಗೆ "ಹಾಜಿ ಅಲಿಯ ಅಪಂಗ ಆಸ್ಪತ್ರೆ" ಅಂದರೂ ತಿಳಿಯುತ್ತದೆ. ಪುಣೆಯಲ್ಲಿ ಸೇನೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ ಇದೆ, 1944ರಲ್ಲಿ ಸೈನಿಕರಿಗಾಗಿ ಶುರುವಾದದ್ದು. ಜೈಪುರ ಕಾಲು ಉಚಿತವಾಗಿ ಕೊಡುವ ಶಿಬಿರಗಳೂ ನಡೆಯುತ್ತಿರುತ್ತವೆ. ಎಲ್ಲಿಗೇ ಹೋಗಿ, ಕಾಲು ಮಾಡಿಕೊಡುವವರು, ಅಂದರೆ ಪ್ರಾಸ್ಥೆಟಿಸ್ಟ್, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವವರೇ ಎಂದು ಕೇಳಿಕೊಳ್ಳಿ.

*ಇಲ್ಲಿ ಎಡವುವುದು:* ನೋವಿದ್ದರೂ ಹೇಳದೆ ಮನೆಗೆ ಬರುವುದು. "ಅವರು ಇಷ್ಟು ಮಾಡಿಕೊಟ್ಟಿದ್ದಾರೆ, ಮತ್ತೆ ಹೇಗೆ ಹೇಳೋದು" ಎಂಬ ದಾಕ್ಷಿಣ್ಯ ಬೇಡ. ಸಾಕೆಟ್ ಎರಡು ಮೂರು ಸಲ ತಿದ್ದುವುದು ಮಾಮೂಲು.

ಹಂತ 2: ಉಳಿದ ಕಾಲನ್ನು ಕಾಪಾಡಿಕೊಳ್ಳಿ

ಇದಕ್ಕೆ ಖರ್ಚಿಲ್ಲ. ಮುಂದೆ ಯಾವ ಕಾಲು ಹಾಕಿಸಿದರೂ ಇದು ಬೇಕೇ ಬೇಕು.

ಮನೆಯವರು ಪ್ರೀತಿಯಿಂದ ತೊಡೆಯ ಕೆಳಗೆ ದಿಂಬು ಇಡುತ್ತಾರೆ. ದಯವಿಟ್ಟು ಇಡಬೇಡಿ. ಸೊಂಟದ ಕೀಲು ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ. ಆಮೇಲೆ ಎಂಥ ಕಾಲು ಕೊಟ್ಟರೂ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ದಿನಕ್ಕೆ ಎರಡು ಸಲ, 20 ನಿಮಿಷ ಬೋರಲು ಮಲಗಿ. ಹೃದಯದ, ಉಸಿರಾಟದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಇನ್ನೊಂದು, ಇಲ್ಲದ ಪಾದವನ್ನು ಆಡಿಸುವುದು. ಕಣ್ಣು ಮುಚ್ಚಿ, ಎರಡೂ ಪಾದಗಳನ್ನು ಒಟ್ಟಿಗೆ ಮೇಲೆತ್ತಿದಂತೆ, ಕೆಳಗೊತ್ತಿದಂತೆ ಮಾಡಿ. ಉಳಿದ ಕಾಲಿನ ಮೇಲೆ ಕೈಯಿಟ್ಟರೆ ಸ್ನಾಯು ಅಲುಗುವುದು ತಿಳಿಯುತ್ತದೆ. ದಿನಾ 10 ನಿಮಿಷ ಸಾಕು. ಇಚ್ಛೆಯಂತೆ ಆಡುವ ಕಾಲುಗಳು ಓದುವುದು ಇದೇ ಸ್ನಾಯುವಿನ ಸಂಕೇತವನ್ನು.

ನೋವಿದ್ದರೆ ಯಾವ ಥರದ್ದು ಎಂದು ಗುರುತು ಮಾಡಿ. ಒಂದೇ ಜಾಗ ತಟ್ಟಿದಾಗ ಕರೆಂಟ್ ಹೊಡೆದಂತಾದರೆ ನರದ ಗಂಟಿರಬಹುದು. ಭಾಷೆಯ ತೊಡಕು ಬರುವುದೂ ಇಲ್ಲೇ. ಜುಮುಜುಮು ಅನ್ನುವುದಕ್ಕೆ ಮರಾಠಿಯಲ್ಲಿ "ಮುಂಗ್ಯಾ ಯೇತಾತ್" ಅನ್ನಿ, ಉರಿಗೆ "ಆಗ್ ಹೋತೇ". ಸುಮ್ನೆ "ದುಖತಯ್" ಅಂದರೆ ನೋವಿನ ಮಾತ್ರೆ ಬರೆದುಕೊಟ್ಟು ಕಳಿಸುತ್ತಾರೆ.

ಹಂತ 3: ಇದು ನಿಮಗೆ ಹೊಂದುತ್ತದೆಯೇ?

ಕೊನೆಯ ಮಾತು ಸರ್ಜನ್ನರದ್ದು. ಆದರೆ ಹೋಗುವ ಮುಂಚೆ ನೀವೇ ಒಂದಿಷ್ಟು ತೂಗಿ ನೋಡಬಹುದು.

ಕಾಲು ಹೋದದ್ದು ಅಪಘಾತದಿಂದಲೋ ಗಡ್ಡೆಯಿಂದಲೋ ಆಗಿದ್ದು, ಬೆಳವಣಿಗೆ ಮುಗಿದ ವಯಸ್ಸಾಗಿದ್ದು, ಮೂಳೆ ಗಟ್ಟಿಯಿದ್ದು, ಸಾಕೆಟ್ ನಿಜಕ್ಕೂ ಒಗ್ಗದಿದ್ದರೆ ಮಾತಾಡಲು ಅರ್ಥವಿದೆ. ಸಕ್ಕರೆ ಕಾಯಿಲೆಯಿಂದ ರಕ್ತನಾಳ ಕೆಟ್ಟು ಕಾಲು ಹೋಗಿದ್ದರೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಚರ್ಮದಿಂದ ಲೋಹ ಹೊರಬಂದಿರುವ ಜಾಗ ಸದಾ ತೆರೆದ ಬಾಗಿಲು. ಅದನ್ನು ಕಾಯಲು ಒಳ್ಳೆಯ ರಕ್ತ ಓಡಾಟ ಬೇಕು. ಬೀಡಿ, ಸಿಗರೇಟು, ತಂಬಾಕು ಬಿಡಲೇಬೇಕು. ತೂಕಕ್ಕೂ ಮಿತಿ ಇದೆ. ಓಪ್ರಾದಲ್ಲಿ ಕೃತಕ ಕಾಲೂ ಸೇರಿ 100 ಕೆಜಿ.

ಎಕ್ಸ್‌ರೇ ಜೊತೆಗೆ ಸಿಟಿ ಸ್ಕ್ಯಾನ್ ಕೇಳುತ್ತಾರೆ. ಮೂಳೆಯ ಒಳಗಿನ ಟೊಳ್ಳು ಎಷ್ಟು ಅಗಲ, ಗೋಡೆ ಎಷ್ಟು ದಪ್ಪ ಎಂದು ನೋಡಲು. ವರ್ಷಗಟ್ಟಲೆ ಭಾರ ಬೀಳದ ಮೂಳೆ ತೆಳ್ಳಗಾಗಿರುತ್ತದೆ.

ಹಂತ 4: ಸರ್ಜನ್ ಮುಂದೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ

1. ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಮಾಡಿಸಿಕೊಂಡವರ ಜೊತೆ ಮಾತಾಡಬಹುದಾ?
2. ಯಾವ ಇಂಪ್ಲಾಂಟ್? ಇದನ್ನು ಭಾರತದಲ್ಲಿ ಬಳಸಲು ಒಪ್ಪಿಗೆ ಇದೆಯೇ? ಕಾಗದ ತೋರಿಸುತ್ತೀರಾ?
3. ಒಂದೇ ಆಪರೇಷನ್ನೋ, ಎರಡೋ?
4. ಐದು ವರ್ಷದ ನಂತರ ಹೊರಗಿನ ಭಾಗ ಸವೆದರೆ, ಮುರಿದರೆ ಬಿಡಿಭಾಗ ಎಲ್ಲಿಂದ ಬರುತ್ತದೆ? ಯಾರ ಖರ್ಚು?
5. ಸೋಂಕಾದರೆ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು?
6. ಇಂಪ್ಲಾಂಟ್ ಸಡಿಲವಾಗಿ ತೆಗೆಯಬೇಕಾಗಿ ಬಂದರೆ ಮತ್ತೆ ಸಾಕೆಟ್ ಹಾಕುವಷ್ಟು ಮೂಳೆ ಉಳಿಯುತ್ತದಾ?

ಖರ್ಚು ಕೇಳುವಾಗ ಒಂದೇ ಮೊತ್ತ ಹೇಳಿದರೆ ಬಿಡಿಸಿ ಹೇಳಿಸಿ. ಆಸ್ಪತ್ರೆ, ಇಂಪ್ಲಾಂಟ್, ಜೋಡಣೆಯ ಭಾಗ, ಮಂಡಿ, ಪಾದ, ಫಿಸಿಯೋಥೆರಪಿ, ವರ್ಷ ವರ್ಷದ ತಪಾಸಣೆ ಎಲ್ಲ ಬೇರೆ ಬೇರೆ. ಎಷ್ಟೋ ಸಲ ಹೇಳುವ ಮೊತ್ತದಲ್ಲಿ ಮಂಡಿ ಮತ್ತು ಪಾದ ಸೇರಿರುವುದೇ ಇಲ್ಲ.

ಸೋಂಕಿನ ಬಗ್ಗೆ ಯಾರೂ ಮುಚ್ಚಿಡಬಾರದು. ಓಪ್ರಾ ಹಾಕಿಸಿಕೊಂಡ 51 ಜನರನ್ನು ಸ್ವೀಡನ್ನಿನಲ್ಲಿ ಎರಡು ವರ್ಷ ಗಮನಿಸಿದರು. 92% ಇಂಪ್ಲಾಂಟ್ ಉಳಿದವು, ಜನರ ಓಡಾಟವೂ ಸುಧಾರಿಸಿತು. ಆದರೆ 28 ಜನರಿಗೆ ಚರ್ಮದ ಮೇಲ್ಪದರದ ಸೋಂಕು ಒಮ್ಮೆಯಾದರೂ ಬಂತು, 4 ಜನರಿಗೆ ಆಳದ ಸೋಂಕಾಯಿತು. ಮೇಲಿನದು ಸಾಮಾನ್ಯವಾಗಿ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಆಳದ್ದು ಇಂಪ್ಲಾಂಟನ್ನೇ ಕಳೆಯಬಹುದು. "ಸೋಂಕು ಆಗುವುದೇ ಇಲ್ಲ" ಅನ್ನುವವರ ಬಳಿ ಆಪರೇಷನ್ ಮಾಡಿಸಿಕೊಳ್ಳಬೇಡಿ.

ಹಂತ 5: ಆಪರೇಷನ್ ಮತ್ತು ಆಮೇಲಿನ ತಿಂಗಳುಗಳು

ಎರಡು ಪದ್ಧತಿಗಳಿವೆ. ಓಪ್ರಾದಲ್ಲಿ ಮೊದಲು ಸುರುಳಿ ಗೀರುಗಳಿರುವ ಟೈಟಾನಿಯಂ ತಿರುಪನ್ನು ತೊಡೆಮೂಳೆಯ ಟೊಳ್ಳಿಗೆ ಕೂರಿಸಿ ಚರ್ಮ ಮುಚ್ಚುತ್ತಾರೆ. ಮೂಳೆ ಬೆಸೆದುಕೊಳ್ಳಲು ಕೆಲವು ತಿಂಗಳು ಬಿಟ್ಟು, ಎರಡನೇ ಆಪರೇಷನ್ನಿನಲ್ಲಿ ಚರ್ಮದಿಂದ ಹೊರಗೆ ಬರುವ ಕಂಬಿ ಸೇರಿಸುತ್ತಾರೆ. ಇನ್ನೊಂದು ಪದ್ಧತಿಯಲ್ಲಿ ಒರಟು ಮೈಯ ಉದ್ದನೆಯ ಕಂಬಿಯನ್ನು ಮೂಳೆಯೊಳಗೆ ಬಿಗಿಯಾಗಿ ಒತ್ತಿ ಕೂರಿಸುತ್ತಾರೆ. ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಬೆಳೆದದ್ದು ಇದು. ಎಷ್ಟೋ ಸಲ ಒಂದೇ ಆಪರೇಷನ್ನಿನಲ್ಲಿ ಮುಗಿಯುತ್ತದೆ, ಭಾರ ಹಾಕುವುದೂ ಬೇಗ ಶುರುವಾಗುತ್ತದೆ.

ಭಾರ ಹಾಕುವ ಹಂತವೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಬೇಕಾದ ಸಾಧನ ಬಚ್ಚಲುಮನೆಯ ತೂಕದ ಯಂತ್ರ! ಓಪ್ರಾ ಕ್ರಮದಲ್ಲಿ ಕಂಬಿಗೆ ಮೊದಲು ಮೋಟು ಅಭ್ಯಾಸದ ಕಾಲು ಹಾಕಿ, ತೂಕದ ಯಂತ್ರದ ಮೇಲೆ ಒತ್ತಿಸುತ್ತಾರೆ. ಮುಳ್ಳು ಸುಮಾರು 20 ಕೆಜಿ ತೋರಿಸುವಷ್ಟು ಮಾತ್ರ. ನೋವು ಹದದಲ್ಲಿದ್ದರೆ ವಾರಕ್ಕೆ ಸುಮಾರು 10 ಕೆಜಿ ಏರಿಸುತ್ತಾರೆ. ನಿಮ್ಮ ಪೂರ್ತಿ ತೂಕ ತಲುಪಿದ ಮೇಲೆ ಉದ್ದದ ಕಾಲು, ಆಮೇಲೆ ಎರಡು ಊರುಗೋಲು, ಆಮೇಲೆ ಒಂದು. ಮೂಳೆ ತೆಳ್ಳಗಿದ್ದವರಿಗೆ ಇದೇ ದಾರಿ ಇನ್ನೂ ನಿಧಾನ.

*ಇಲ್ಲಿ ಎಡವುವುದು:* ಮೂರನೇ ವಾರಕ್ಕೇ "ನೋವಿಲ್ಲ, ನಡೆದುಬಿಡ್ತೀನಿ" ಎನ್ನುವ ಹುಮ್ಮಸ್ಸು. ಮೂಳೆಗೆ ನಿಮ್ಮ ಹುಮ್ಮಸ್ಸು ಗೊತ್ತಾಗುವುದಿಲ್ಲ. ಬೇಗ ಭಾರ ಬಿದ್ದರೆ ತಿರುಪು ಸಡಿಲವಾಗುತ್ತದೆ, ಮೂಳೆ ಬಿರುಕು ಬಿಡಬಹುದು. ರಜೆ, ಕೆಲಸ, ಮನೆಯ ಸಹಾಯ ಎಲ್ಲವನ್ನೂ ಒಂದು ವರ್ಷದ ಲೆಕ್ಕದಲ್ಲಿ ಹೊಂದಿಸಿಕೊಳ್ಳಿ. ಅವಸರದಲ್ಲಿ ಮಾಡಬೇಡಿ.

ಕಾಲನ್ನು ಕಂಬಿಗೆ ಸಿಕ್ಕಿಸುವ ಜಾಗದಲ್ಲಿ ಒಂದು ಸುರಕ್ಷಾ ಭಾಗ ಇರುತ್ತದೆ. ಬಿದ್ದಾಗ ಜಾಸ್ತಿ ತಿರುಚಿದರೆ ಅದು ಬಿಟ್ಟುಕೊಡುತ್ತದೆ, ಮೂಳೆ ಉಳಿಯುತ್ತದೆ. ಅದನ್ನು ಬೇರೆಯವರಿಂದ ಬಿಗಿ ಮಾಡಿಸಬೇಡಿ.

ಇದೆಲ್ಲ ದಾಟಿದವರಿಗೆ ಸಿಗುವುದು ಸಣ್ಣದಲ್ಲ. ಕುರ್ಚಿಯಲ್ಲಿ ಕೂತಾಗ ತೊಡೆ ಚುಚ್ಚುವ ಅಂಚಿಲ್ಲ. ಕಾಲು ಹಾಕಲು ತೆಗೆಯಲು ಕ್ಷಣ ಸಾಕು. ನೆಲ ಟೈಲ್ಸೋ, ಜಲ್ಲಿಯೋ, ಹುಲ್ಲೋ ಎಂಬುದು ಮೂಳೆಯ ಮೂಲಕ ಕಂಪನವಾಗಿ ಒಳಗೆ ತಿಳಿಯುತ್ತದೆ. ಯಾವ ತಂತಿಯೂ ಇಲ್ಲದೆ ಸಿಗುವ ಸ್ಪರ್ಶ ಇದು.

ಹಂತ 6: ದಿನಾ ಮಾಡಬೇಕಾದ ಆರೈಕೆ, ಮುಖ್ಯವಾಗಿ ಮಳೆಗಾಲದಲ್ಲಿ

ಕಂಬಿ ಹೊರಬರುವ ರಂಧ್ರಕ್ಕೆ ಸ್ಟೋಮಾ ಅನ್ನುತ್ತಾರೆ. ಬೆಳಗ್ಗೆ ಸಂಜೆ ಕೈ ತೊಳೆದು, ಸೌಮ್ಯ ಸೋಪು ಮತ್ತು ಶುದ್ಧ ನೀರಿನಿಂದ ಸುತ್ತ ಮೆಲ್ಲಗೆ ತೊಳೆಯಿರಿ, ಒಣ ಗಾಜ್ ಬಟ್ಟೆಯಲ್ಲಿ ಒತ್ತಿ ಒರೆಸಿ. ಸ್ವಲ್ಪ ತಿಳಿ ದ್ರವ ಬರುವುದು ಸಹಜ, ಬೇಸಿಗೆಯಲ್ಲಿ ಜಾಸ್ತಿ. ಅರಿಶಿನ, ತೆಂಗಿನೆಣ್ಣೆ, ಪೌಡರ್ ಏನೂ ಹಚ್ಚಬೇಡಿ. ಮನೆಯ ಹಿರಿಯರು ಒತ್ತಾಯಿಸಿದರೂ ಬೇಡ.

ಮುಂಬೈಯವರು ಗಮನಿಸಿ. ಹಿಂದ್‌ಮಾತಾ, ಸಯಾನ್, ಕುರ್ಲಾ ಕಡೆ ನೀರು ನಿಂತಾಗ ದಾಟುವ ಸಾಹಸ ಬೇಡವೇ ಬೇಡ. ಇಲಿ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಗಾಯವಾದ ಚರ್ಮದ ಮೂಲಕ ಒಳಗೆ ಹೋಗುತ್ತದೆ. ನಿಮ್ಮ ಚರ್ಮದಲ್ಲಿ ಸದಾ ಒಂದು ದಾರಿ ತೆರೆದಿದೆ. ತಪ್ಪಿ ನೀರಿಗಿಳಿದರೆ ಮನೆಗೆ ಬಂದ ತಕ್ಷಣ ತೊಳೆದು, ಅವತ್ತೇ ಡಾಕ್ಟರನ್ನು ಕೇಳಿ. ಗೋವಾದವರು ಸಮುದ್ರಕ್ಕೆ ಇಳಿಯುವ ಮುಂಚೆಯೂ ಸರ್ಜನ್ ಒಪ್ಪಿಗೆ ಕೇಳಿ. ಓಡುವುದು, ಜಿಗಿಯುವುದು ಬೇಡ. ಚಲಿಸುವ ಲೋಕಲ್ ಹತ್ತುವುದಂತೂ ಯಾರಿಗೂ ಬೇಡ.

ಇವು ಕಂಡರೆ ಕಾಯಬೇಡಿ: ಸ್ಟೋಮಾ ಸುತ್ತ ಕೆಂಪು ಹರಡುವುದು, ಕೀವು, ಕೆಟ್ಟ ವಾಸನೆ, ಜ್ವರ, ಮೊದಲಿಲ್ಲದ ನೋವು ತೊಡೆಯ ಆಳದಲ್ಲಿ ಭಾರ ಹಾಕಿದಾಗ ಬರುವುದು, ಕಂಬಿ ಅಲುಗಿದಂತೆ ಅನಿಸುವುದು. ಕಾಲು ಬಿಚ್ಚಿಡಿ, ಭಾರ ಹಾಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಔಷಧಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಿ ನೋಡುವುದು ಬೇಡ. ಅದರಿಂದ ಮೇಲಿನ ಕೆಂಪು ಮಾಯವಾಗಿ, ಒಳಗಿನ ಸೋಂಕು ಮರೆಯಾಗಿ ಬೆಳೆಯುತ್ತದೆ.

ಊರಿಗೆ ಹೋಗುವಾಗ ಇಂಪ್ಲಾಂಟ್ ಕಾರ್ಡಿನ ಪ್ರತಿ, ಸರ್ಜನ್ ಫೋನ್ ನಂಬರ್, ಇತ್ತೀಚಿನ ಎಕ್ಸ್‌ರೇಯ ಫೋಟೋ ಮೊಬೈಲಿನಲ್ಲಿರಲಿ. ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ತುರ್ತಾದರೆ ಅಲ್ಲಿನ ಡಾಕ್ಟರಿಗೆ ಮೊದಲು ತೋರಿಸಬೇಕಾದದ್ದು ಅದೇ.